ಯಾವ ಸೊಪ್ಪಾದರೂ ಆದೀತು

ಪುಟ್ಟಗೌರಮ್ಮನ ಎಡಗೆನ್ನೆಯಲ್ಲಿ ಸದಾ ಒಂದು ನಿಂಬೆಕಾಯಿ ಇರುತ್ತಿತ್ತು. ನಿಜವಾದ ನಿಂಬೆಕಾಯಿಯಲ್ಲ. ಎರಡು ಎಲೆ, ಒಂದು ಹೋಳು ಅಡಿಕೆ, ಬೆರಳ ತುದಿಯಷ್ಟು ಸುಣ್ಣ, ಅದರ ಮೇಲೊಂದು ಚೂರು ಹೊಗೆಸೊಪ್ಪು, ಎಲ್ಲ ಸೇರಿ ಆದ ಉಂಡೆ. ಅದು ಎಡದಲ್ಲಿ ತೆಪ್ಪಗೆ ಇರುವಷ್ಟು ಹೊತ್ತು ಊರಿಗೆ ಭಯವಿರಲಿಲ್ಲ. ನಿಧಾನವಾಗಿ ಎಡದಿಂದ ಬಲಕ್ಕೆ ದಾಟಿತೆಂದರೆ ಯಾರಿಗೋ ಮಂಗಳಾರತಿ ಕಾದಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ನಾನು ಆ ಊರಿನ ಉಪಕೇಂದ್ರಕ್ಕೆ ಆರೋಗ್ಯ ಸಹಾಯಕಿಯಾಗಿ ಸೇರಿದ ಮೊದಲನೇ ವಾರದಲ್ಲೇ ಅದು ನನ್ನ ಸಲುವಾಗಿ ಬಲಕ್ಕೆ ದಾಟಿತು.

ಊರು ಮಾಗಡಿ ತಾಲ್ಲೂಕಿನದು, ಗುಡೇಮಾರನಹಳ್ಳಿಯಿಂದ ಒಂದಿಷ್ಟು ಒಳಗೆ. ಹೆಸರು ಬೇಡ. ಅಲ್ಲಿಯವರು ಈಗಲೂ ನನಗೆ ಮಜ್ಜಿಗೆ ಕೊಡುತ್ತಾರೆ, ಅದನ್ನು ಕಳೆದುಕೊಳ್ಳಲು ಇಷ್ಟವಿಲ್ಲ. ನಾನು ಹುಟ್ಟಿ ಬೆಳೆದದ್ದು ಚನ್ನಪಟ್ಟಣದಲ್ಲಿ. ರಜೆಗೆ ಹೋಗುತ್ತಿದ್ದುದು ದೊಡ್ಡಮಳೂರಿನ ಅಜ್ಜಿ ಮನೆಗೆ. ಅಲ್ಲಿ ‘ಐತೆ’, ‘ಬತ್ತೀನಿ’, ‘ಒಸಿ’ ಎಲ್ಲ ನನ್ನ ಬಾಯಲ್ಲೂ ಸಲೀಸಾಗಿ ಬರುತ್ತಿದ್ದವು. ಆದರೆ ನರ್ಸಿಂಗ್ ಓದಿ, ತರಬೇತಿ ಮುಗಿಸಿ, ಇಲಾಖೆಯ ಸೀರೆ ಉಟ್ಟ ಮೇಲೆ ಆ ಮಾತುಗಳನ್ನೆಲ್ಲ ಹಳೇ ಲಂಗದ ಹಾಗೆ ಮಡಿಸಿಟ್ಟಿದ್ದೆ. ಸರ್ಕಾರಿ ಪಾಠ ಎಂದರೆ ಸರ್ಕಾರಿ ಕನ್ನಡದಲ್ಲೇ ಆಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಹಾಗಾಗಿ ಅಂಗನವಾಡಿಯಲ್ಲಿ ನಡೆದ ಮೊದಲ ಆರೋಗ್ಯ ಶಿಕ್ಷಣ ತರಗತಿಯಲ್ಲಿ, “ಆತ್ಮೀಯ ತಾಯಂದಿರೇ, ವೈಯಕ್ತಿಕ ಸ್ವಚ್ಛತೆಯ ಮಹತ್ವವನ್ನು ಕುರಿತು ಅರಿವು ಮೂಡಿಸುವ ಸಲುವಾಗಿ” ಎಂದು ಶುರು ಮಾಡಿದೆ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಮುದುಕಿಯ ಕೆನ್ನೆಯ ಉಬ್ಬು ಬಲಕ್ಕೆ ದಾಟಿತು.

“ಏನವ್ವ, ರೇಡಿಯೋ ನುಂಗ್ಕಂಡು ಬಂದಿದ್ದೀಯಾ?”

ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡರು. ನಾನು ಕೇಳಿಸದವಳ ಹಾಗೆ ಕೈ ತೊಳೆಯುವ ಏಳು ಹಂತಗಳನ್ನು ಮಾಡಿ ತೋರಿಸಿದೆ. ಅಂಗೈ, ಹಿಂಗೈ, ಬೆರಳಸಂದಿ, ಬೆರಳ ಬೆನ್ನು, ಹೆಬ್ಬೆರಳು, ಉಗುರು, ಮಣಿಕಟ್ಟು. ಎಲ್ಲ ಮುಗಿದು, ಪ್ರಶ್ನೆಗಳಿದ್ದರೆ ಕೇಳಿ ಎಂದೆ. ತರಬೇತಿಯಲ್ಲಿ ಹಾಗೆ ಹೇಳಬೇಕೆಂದು ಕಲಿಸಿದ್ದರು. ಯಾರಾದರೂ ನಿಜವಾಗಿ ಕೇಳಿಬಿಟ್ಟರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

“ಏಳು ಸಲ ಉಜ್ಜು ಅಂತೀಯ. ನಮ್ ಬೀದಿ ನಲ್ಲೀಲಿ ನೀರು ಬರಾದು ವಾರಕ್ಕೆ ಎಲ್ಡು ಸಲ. ಮಿಕ್ಕಿದ್ ಐದು ಸಲ ಯಾತರಲ್ಲಿ ಉಜ್ಜನ, ನಿನ್ ಪಾಠದಲ್ಲಾ?”

ಅವತ್ತಿನಿಂದ ನಾನು ಆ ಊರಿಗೆ ಸಿಸ್ಟರೂ ಅಲ್ಲ, ಮೇಡಮ್ಮೂ ಅಲ್ಲ. ಪಾಠದವ್ವ.

ಪುಟ್ಟಗೌರಮ್ಮ ಒಂದು ತರಗತಿಯನ್ನೂ ತಪ್ಪಿಸಿಕೊಂಡವಳಲ್ಲ. ಗರ್ಭಿಣಿಯರ ಆರೈಕೆ ಪಾಠಕ್ಕೂ ಬಂದಳು. ನಿಮಗ್ಯಾಕಜ್ಜಿ ಇದು ಎಂದರೆ, “ಎತ್ತೋಳು ನಾನು, ಎಂಗ್ ಎರೋದು ಅಂತ ಏಳೋಳು ನೀನು. ಯಾವ್ದುಕ್ಕೂ ಒಂದ್ಸಲ ಕೇಳಿ ನೋಡನ, ತಪ್ಪಾಗಿ ಎತ್ತಿದ್ದೀನೇನೋ” ಎಂದಳು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಹಾಜರಿ ಪುಸ್ತಕದಲ್ಲಿ ಮಿಕ್ಕವರು ಹೆಬ್ಬೆಟ್ಟು ಒತ್ತುವಾಗ ಇವಳು ಪೆನ್ನು ಕಿತ್ತುಕೊಂಡು ಒಂದು ಗೇಣುದ್ದ ಸಹಿ ಹಾಕುತ್ತಿದ್ದಳು. ಸಕ್ಕರೆ ಕಾಯಿಲೆಯ ತರಗತಿಯ ಕೊನೆಯಲ್ಲಿ ಇಲಾಖೆಯ ವತಿಯಿಂದ ಟೀ, ಬಿಸ್ಕತ್ತು ಕೊಟ್ಟೆವು. ಅವಳು ಒಂದು ಗುಟುಕು ಕುಡಿದು, “ಪಾಠ ಮಾಡ್ಬುಟ್ಟು ಪರೀಕ್ಸೆನೂ ಇಲ್ಲೇ ಮಡಗಿದ್ದೀಯಲ್ಲವ್ವ” ಎಂದು ಲೋಟ ಕೆಳಗಿಟ್ಟಳು. ಟೀ ಪಾಯಸದಷ್ಟು ಸಿಹಿಯಾಗಿತ್ತು.

ಇಷ್ಟೆಲ್ಲ ಆದರೂ ನಾನು ಗೆದ್ದೆ ಎಂದುಕೊಂಡ ಒಂದು ತರಗತಿ ಇತ್ತು. ಪೌಷ್ಟಿಕ ಆಹಾರದ್ದು. ದಿನಾಲೂ ಊಟದಲ್ಲಿ ಸೊಪ್ಪು ಇರಲೇಬೇಕು, ಸೊಪ್ಪಿಲ್ಲದ ಊಟ ಊಟವೇ ಅಲ್ಲ ಎಂದು ಕೈಯೆತ್ತಿ ಹೇಳಿದೆ. ಪುಟ್ಟಗೌರಮ್ಮ ಬಹಳ ವಿನಯದಿಂದ ಕೇಳಿದಳು.

“ಯಾವ್ ಸೊಪ್ಪಾದ್ರೂ ಆಯ್ತದಾ?”

“ಯಾವ ಸೊಪ್ಪಾದರೂ ಆದೀತು.”

“ದಿನಾನೂ ಆಕ್ಕಬೋದಾ?”

“ದಿನಾಲೂ. ಬೇಕಾದರೆ ಎರಡು ಹೊತ್ತೂ.”

ಅವಳು ತಲೆಯಾಡಿಸಿ, ಸೊಂಟದ ಸಂಚಿ ಬಿಚ್ಚಿ, ಏನನ್ನೋ ಮುರಿದು ಬಾಯಿಗೆ ಹಾಕಿಕೊಂಡಳು. ಇಡೀ ಅಂಗನವಾಡಿ ಬಿದ್ದು ಬಿದ್ದು ನಕ್ಕಿತು. ಕೊನೆಗೂ ನನ್ನ ಪಾಠ ಜನಕ್ಕೆ ಹಿಡಿಸಿತು ಎಂದು ನಾನೂ ನಕ್ಕೆ. ಆ ದಿನದ ವರದಿಯಲ್ಲಿ ‘ಫಲಾನುಭವಿಗಳು ಉತ್ಸಾಹದಿಂದ ಭಾಗವಹಿಸಿದರು’ ಎಂದು ಬರೆದದ್ದು ನೆನಪಿದೆ.

ಇನ್ನೊಂದು ಬರೆದದ್ದೂ ನೆನಪಿದೆ. ಅದನ್ನು ಮರೆಯಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಮನೆಮನೆ ಸಮೀಕ್ಷೆಗೆ ಹೋದಾಗ ಪುಟ್ಟಗೌರಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಫಾರಂ ನೋಡಿಕೊಂಡು, “ತಂಬಾಕು ಸೇವನೆ ಮಾಡುತ್ತೀರಾ?” ಎಂದು ಕೇಳಿದೆ.

“ಅಂಗಂದ್ರೆ?”

“ತಂಬಾಕು. ಬೀಡಿ, ಸಿಗರೇಟು, ಗುಟ್ಕಾ, ಇತ್ಯಾದಿ.”

“ಥೂ, ಅವೆಲ್ಲ ಗಂಡಸ್ರ ಚಾಳಿ. ನಾವ್ಯಾಕೆ ಮುಟ್ಟನ.”

‘ಥೂ’ ಎಂದವಳು ಬರಿಯ ಮಾತಿಗೆ ಅನ್ನಲಿಲ್ಲ. ಜಗಲಿಯಾಚೆಗೆ ನಿಜವಾಗಿ ಉಗುಳಿದಳು. ಮಣ್ಣಿನ ಮೇಲೆ ಕೆಂಪಗೆ ಬಿತ್ತು. ನಾನು ಅದನ್ನು ನೋಡಿದೆ. ನೋಡಿ, ‘ತಂಬಾಕು ಸೇವನೆ: ಇಲ್ಲ’ ಎಂದು ಬರೆದುಕೊಂಡೆ. ಆ ಬೀದಿಯ ಅಷ್ಟೂ ಹೆಂಗಸರಿಗೂ ಹಾಗೇ ಬರೆದೆ. ನಮ್ಮಜ್ಜಿಯೂ ಸಾಯುವವರೆಗೆ ಹೊಗೆಸೊಪ್ಪು ಹಾಕಿದವಳೇ. ಮುರಿದು ಕೊಡು ಮಗ ಎಂದು ನನ್ನ ಕೈಗೇ ಕೊಡುತ್ತಿದ್ದಳು, ಅದರ ಘಾಟು ಬೆರಳಿಂದ ಎರಡು ದಿನ ಹೋಗುತ್ತಿರಲಿಲ್ಲ. ಅಂದಮೇಲೆ ಆ ಪದ ನನಗೆ ಗೊತ್ತಿರಲಿಲ್ಲವೆಂದು ಯಾವ ಬಾಯಲ್ಲಿ ಹೇಳಲಿ? ಫಾರಂನಲ್ಲಿ ಆ ಪದ ಇರಲಿಲ್ಲ, ಇಲ್ಲದ ಪದವನ್ನು ಬಾಯಿಂದ ಆಡಿದರೆ ನಾನು ಮತ್ತೆ ದೊಡ್ಡಮಳೂರಿನ ಲಂಗದ ಹುಡುಗಿ ಆಗಿಬಿಡುತ್ತೇನೆ ಎಂಬ ನಾಚಿಕೆ. ಸತ್ಯ ಇಷ್ಟೇ.

ಅಲ್ಲಿಂದ ಮುಂದೆ ನಡೆದದ್ದೆಲ್ಲ ತಮಾಷೆ. ಪ್ರತಿ ಊರಿನಲ್ಲೂ ತಂಬಾಕು ಬಿಡಿಸಲು ಒಂದು ಬೆಂಬಲ ಗುಂಪು ಮಾಡಬೇಕು, ಹತ್ತು ಜನರ ಫೋಟೋ ಕಳಿಸಬೇಕು ಎಂದು ಮೇಲಿನಿಂದ ಆದೇಶ ಬಂತು. ನನ್ನ ಕಾಗದದ ಪ್ರಕಾರ ಊರಿನ ಹೆಂಗಸರಲ್ಲಿ ತಂಬಾಕು ಮುಟ್ಟುವವರೇ ಇಲ್ಲ. ಗಂಡಸರು ಸಭೆ ಎಂದರೆ ತೋಟ ಸೇರುತ್ತಾರೆ. ವಿಧಿಯಿಲ್ಲದೆ ಪುಟ್ಟಗೌರಮ್ಮನ ಬಳಿಗೇ ಹೋದೆ.

“ಬೆಂಬ್ಲ ಗುಂಪು ಅಂದ್ರೇನವ್ವ?”

“ಒಬ್ಬರಿಗೊಬ್ಬರು ಬೆಂಬಲವಾಗಿ ನಿಂತು ಚಟ ಬಿಡಿಸುವುದು.”

“ಯಾರ್ಗೂ ಚಟ ಇಲ್ಲ ಅಂತ ನೀನೇ ಬರ್ಕಂಡಿದ್ದೀಯಲ್ಲ.”

ಉಬ್ಬು ಎಡದಿಂದ ಬಲಕ್ಕೆ ಹೋಯಿತು.

“ನಿಂಗೆ ಬೆಂಬ್ಲ ಬೇಕು ಅನ್ನು, ಬತ್ತೀವಿ.”

ಬಂದರು. ಹತ್ತು ಜನ ಹೆಂಗಸರು, ಒಳಗೆ ಬರುವ ಮುಂಚೆ ಅಂಗನವಾಡಿಯ ಕಾಂಪೌಂಡಿನ ಮೇಲೆ ಸಾಲಾಗಿ ಉಗುಳಿ, ಬಾಯಿ ಒರೆಸಿಕೊಂಡು, ಬಲಗೈ ಮುಂದೆ ಚಾಚಿ, ಇನ್ನು ಮುಂದೆ ತಂಬಾಕು ಮುಟ್ಟುವುದಿಲ್ಲ ಎಂದು ಪ್ರಮಾಣ ಮಾಡಿದರು. ಪುಟ್ಟಗೌರಮ್ಮನೇ ಅಧ್ಯಕ್ಷೆ, ಸಹಿ ಬರುವವಳೆಂದು. ಆ ಪ್ರಮಾಣವನ್ನು ಹತ್ತೂ ಜನ ಕೊನೆಯವರೆಗೂ ಪಾಲಿಸಿದರು, ಒಬ್ಬರೂ ಬೀಡಿ ಸೇದಲಿಲ್ಲ. ಕೆಲವು ತಿಂಗಳಿಗೆ ನಮ್ಮ ಸಾಹೇಬರು ಜೀಪಿನಲ್ಲಿ ಬಂದು, ಬಸ್ ನಿಲ್ಲುವ ಜಾಗದಲ್ಲಿ ‘ತಂಬಾಕು ಮುಕ್ತ ಗ್ರಾಮ’ ಎಂಬ ಹಸಿರು ಬೋರ್ಡು ನಿಲ್ಲಿಸಿ ಹೋದರು. ಬಸ್ಸಿಗೆ ಕಾಯುವ ಹೆಂಗಸರಿಗೆ ಎಲೆಗೆ ಸುಣ್ಣ ಹಚ್ಚಿ, ಬೆರಳಲ್ಲಿ ಮಿಕ್ಕಿದ್ದನ್ನು ಒರೆಸಲು ಆ ಬೋರ್ಡಿನ ಕಂಬ ಬಹಳ ಅನುಕೂಲವಾಯಿತು. ಎರಡು ವಾರದಲ್ಲಿ ಕಂಬ ಸೊಂಟದ ಮಟ್ಟಕ್ಕೆ ಬೆಳ್ಳಗಾಗಿತ್ತು.

ಪುಟ್ಟಗೌರಮ್ಮನಿಗೆ ಗಂಡ ಇರಲಿಲ್ಲ. ಮಗ ರೇಷ್ಮೆಗೂಡು ಹಾಕಿಕೊಂಡು ರಾಮನಗರದ ಮಾರುಕಟ್ಟೆಗೆ ಓಡಾಡುವವನು. ಮನೆಯಲ್ಲಿ ಅವಳ ಜೊತೆ ಇರುತ್ತಿದ್ದವಳು ಸೊಸೆ ಮಂಜುಳಾ. ಅತ್ತೆಯ ಮಾತಿಗೆ ಮಾತು ಕೊಡದ ಸಾಧು ಹೆಂಗಸು. ಒಂದು ಬೇಸಿಗೆಯಲ್ಲಿ ಪುಟ್ಟಗೌರಮ್ಮ ತರಗತಿಗೆ ಬಂದಾಗಲೆಲ್ಲ ಸೊಸೆಯ ಅಡುಗೆಯನ್ನು ಬೈಯತೊಡಗಿದಳು. ಸಾರಿಗೆ ಖಾರ ಸುರೀತಾಳೆ, ನಾಲಿಗೆ ಮಡಗಂಗಿಲ್ಲ, ನನ್ ಬೇಗ ಕಳಸ್ಬೇಕು ಅಂತ ಮಾಡವ್ಳೆ. ಅತ್ತೆ ಸೊಸೆ ವಿಷಯ ನಮಗ್ಯಾಕೆ ಎಂದು ನಾನು ತಲೆ ಹಾಕಲಿಲ್ಲ. ಮನಸ್ಸಿನ ಆರೋಗ್ಯದ ತರಗತಿಯಲ್ಲಿ ಹೊಂದಾಣಿಕೆಯ ಬಗ್ಗೆ ಒಂದು ಪಾಠ ಮಾತ್ರ ಮಾಡಿದೆ.

ಒಂದು ಮಧ್ಯಾಹ್ನ ಮಂಜುಳಾ ಉಪಕೇಂದ್ರದ ಬಾಗಿಲಲ್ಲಿ ಬಂದು ನಿಂತಳು. ತಾನು ಬಂದದ್ದು ಯಾರಿಗೂ ಹೇಳಬೇಡಿ ಎಂದಳು.

“ಮೇಡಮ್ಮೋರೆ, ಸಾರಿಗೆ ಮೆಣಸಿನಕಾಯಿ ಆಕೋದೇ ಬುಟ್ಬುಟ್ಟಿದ್ದೀನಿ. ತಿಂಗಳಾಯ್ತು. ಬರೀ ಉಪ್ಪು, ಉಣಿಸೆಹಣ್ಣು. ಆದ್ರೂ ನಮ್ಮತ್ತೆ ಉರೀತದೆ ಅಂತ ತಟ್ಟೆ ತಳ್ತಾರೆ. ಕೋಪಕ್ಕೆ ಅಂದ್ಕಂಡಿದ್ದೆ. ನೆನ್ನೆ ಅವ್ರೇ ಮಾಡ್ಕಂಡ್ ಉಂಡ್ರು. ಅದೂ ಉರೀತು.”

ನನ್ನ ಪಾಠದ ಪಟಗಳ ಕಂತೆಯಲ್ಲಿ ಹನ್ನೊಂದನೇ ಹಾಳೆ ಅದು, ಬಾಯಿ ಕ್ಯಾನ್ಸರಿನ ಮುನ್ಸೂಚನೆಗಳು: ಖಾರ ತಿಂದರೆ ಉರಿ, ಬಾಯಲ್ಲಿ ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು. ಹತ್ತನೇ ಹಾಳೆಗೆ ಯಾವಾಗಲೂ ಟೀ ಬರುತ್ತಿತ್ತು. ಹನ್ನೊಂದನ್ನು ನಾನು ಆ ಊರಿನಲ್ಲಿ ಒಂದು ಸಲವೂ ತಿರುವಿರಲಿಲ್ಲ.

ಟಾರ್ಚು ಹಿಡಿದು ಅವರ ಮನೆಗೆ ಓಡಿದೆ. ನೆಟ್ಟಗಿರುವ ಬಾಯಿಗೆ ತನ್ನದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಹಲ್ಲುಗಳ ನಡುವೆ ಹೋಗಬೇಕು. ಪುಟ್ಟಗೌರಮ್ಮನಿಗೆ ಒಂದೂವರೆ ಹೋಯಿತು. ಊರನ್ನೆಲ್ಲ ನಡುಗಿಸುತ್ತಿದ್ದ ಬಾಯಿ ಅದು, ನನ್ನ ಟಾರ್ಚಿನ ಬೆಳಕು ಒಳಗೆ ಹೋಗುವಷ್ಟೂ ತೆರೆಯಲಿಲ್ಲ. ಎಡಗೆನ್ನೆಯ ಒಳಗೆ, ಉಂಡೆ ಕೂರುವ ಜಾಗದಲ್ಲೇ, ಹೂಕೋಸಿನ ತುಂಡಿನಂಥದ್ದು ಕಂಡಿತು.

ತಾಲ್ಲೂಕು ಆಸ್ಪತ್ರೆಯ ಹಿರಿಯ ಡಾಕ್ಟರು ನಾನು ಒಯ್ದ ಕಾಗದ ನೋಡಿದರು. ತಂಬಾಕು ಸೇವನೆ ಇಲ್ಲ. ಕನ್ನಡಕ ತೆಗೆದು ನನ್ನ ಕಡೆ ಒಂದು ಸಲ ನೋಡಿ, ಅವಳ ಕಡೆ ತಿರುಗಿದರು.

“ಅಜ್ಜಿ, ಹೊಗೆಸೊಪ್ಪು ಎಷ್ಟು ವರ್ಷದಿಂದ?”

“ಮದ್ವೆ ಆದಾಗ್ನಿಂದ ಬುದ್ದಿ. ನಮ್ಮತ್ತೆ ಕಲ್ಸಿದ್ದು.”

ಎಷ್ಟು ಸುಲಭವಾಗಿ ಬಂತು ಉತ್ತರ. ಒಂದು ಪದ ಕೇಳಬೇಕಿತ್ತು, ಕೇಳಿದರು, ಹೇಳಿದಳು. ಡಾಕ್ಟರು ನನಗೆ ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಅಂದವಳು ಪುಟ್ಟಗೌರಮ್ಮನೇ, ಹೊರಗೆ ಬೆಂಚಿನ ಮೇಲೆ ಕೂತು.

“ನೀನು ಕೇಳಿದ್ದು ತಂಬಾಕ. ನಾನು ಇಲ್ಲ ಅಂದೆ, ನೀನು ಬರ್ಕಂಡೆ. ಇಬ್ರೂ ಸುಳ್ಳೇಳಿಲ್ಲ ಕಣವ್ವ.” ಸೆರಗಿನಿಂದ ಬಾಯಿ ಒರೆಸಿಕೊಂಡು, “ನಂಗೊತ್ತಿತ್ತು ನೀನು ಏನ್ ಕೇಳ್ತಿದ್ದೀಯ ಅಂತ. ನಿಂಗೂ ಗೊತ್ತಿತ್ತು” ಎಂದಳು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎಡಗೆನ್ನೆಯ ಒಳಭಾಗವನ್ನೂ ದವಡೆಯ ಒಂದು ತುಂಡನ್ನೂ ತೆಗೆದರು. ಮೂರು ತಿಂಗಳಾದ ಮೇಲೆ ಊರಿಗೆ ಬಂದಳು. ನಿಂಬೆಕಾಯಿ ಇದ್ದ ಜಾಗದಲ್ಲಿ ಗುಂಡಿ ಬಿದ್ದಿತ್ತು. ತುಟಿ ಸರಿಯಾಗಿ ಕೂಡುತ್ತಿರಲಿಲ್ಲ, ಪ ಅಕ್ಷರವೆಲ್ಲ ಗಾಳಿಗೆ ಹೋಗುತ್ತಿತ್ತು. ಹಾಗಾಗಿ ನಾನು ಪಾಠದವ್ವ ಹೋಗಿ ಆಟದವ್ವ ಆದೆ. ಮೊದಲಿನದಕ್ಕಿಂತ ಇದೇ ಒಪ್ಪುತ್ತದೆ ಎಂದು ಹೆಂಗಸರು ಹೇಳಿದರು. ಇಲ್ಲಿಂದ ಮುಂದೆ ಅವಳ ಮಾತನ್ನು ಅಕ್ಷರ ತುಂಬಿಕೊಂಡೇ ಬರೆಯುತ್ತಿದ್ದೇನೆ, ಅವಳು ಆಡಿದ ಹಾಗೇ ಬರೆಯಲು ನನಗೆ ಕೈ ಬರುವುದಿಲ್ಲ.

ಬೆಂಬಲ ಗುಂಪು ನಿಜವಾಗಿ ಶುರುವಾದದ್ದು ಆಗ. ಅವಳೇ ಮನೆಮನೆಗೆ ಹೋಗಿ, “ಈಗ ಬೆಂಬ್ಲ ಬೇಕಾಗಿರಾಳು ನಾನು, ಬರ್ರಿ” ಎಂದು ಕರೆತಂದಳು. ಫೋಟೋ ಇಲ್ಲ, ಪ್ರಮಾಣ ಇಲ್ಲ. ನನ್ನ ಟಾರ್ಚನ್ನು ಕಿತ್ತುಕೊಂಡು ತನ್ನ ಸಂಚಿಯೊಳಗೆ, ಎಲೆ ಇಡುತ್ತಿದ್ದ ಜಾಗದಲ್ಲಿ ಇಟ್ಟುಕೊಂಡಳು. ಮಾತು ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ, ಆದರೆ ಮೂರು ಬೆರಳು ಎತ್ತಿ ಬಾಯಿಯ ಮುಂದೆ ಹಿಡಿದರೆ ಸಾಕು, ಎದುರಿಗಿದ್ದವರು ಬಾಯಿ ತೆರೆಯಲೇಬೇಕು. ನಾನು ಹೊಸ ಪಟಗಳನ್ನು ತಂದು ತೋರಿಸಲು ಹೋದೆ. ನನ್ನನ್ನು ಪಕ್ಕಕ್ಕೆ ತಳ್ಳಿದಳು. “ಪಟ ಮಡುಚಿಕ್ಕು. ನಾನಿಲ್ವಾ.” ನೀವು ಬಿಟ್ಟಿರಾ ಅಕ್ಕಯ್ಯ ಎಂದು ಯಾರೋ ಕೇಳಿದಾಗ ಅವಳಿಂದ ಬಂದ ಉತ್ತರ: “ನಾನೆಲ್ಲಿ ಬುಟ್ಟೆ? ಅದೇ ನನ್ ಬುಡ್ತು, ಅರ್ಧ ಮಕ ಇಸ್ಕಂಡು.”

ಎಲ್ಲರೂ ಬಿಟ್ಟರೆಂದು ಬರೆದರೆ ಅದು ನನ್ನ ಹಳೆಯ ವರದಿಗಳ ಜಾತಿಗೆ ಸೇರುತ್ತದೆ. ನಾಲ್ಕು ಜನ ಬಿಟ್ಟರು. ಮಿಕ್ಕವರು ಇವಳ ಕಣ್ಣು ತಪ್ಪಿಸಿ ಹಿತ್ತಲಲ್ಲಿ ಹಾಕುತ್ತಿದ್ದರು. ಎದುರು ಮನೆಯ ಜಯಮ್ಮನ ಕೆನ್ನೆಯ ಒಳಗೆ ಉಗುರಿನಷ್ಟು ಬಿಳಿ ಮಚ್ಚೆ ಇತ್ತು, ಅದನ್ನು ಕಂಡುಹಿಡಿದವಳು ಪುಟ್ಟಗೌರಮ್ಮನೇ. ಜಯಮ್ಮನನ್ನು ರಟ್ಟೆ ಹಿಡಿದು ತಾನೇ ಬಸ್ಸು ಹತ್ತಿಸಿ ಡಾಕ್ಟರ ಹತ್ತಿರ ಕರೆದೊಯ್ದಳು. ಜಯಮ್ಮ ಇವತ್ತೂ ಖಾರದ ಸಾರು ಉಣ್ಣುತ್ತಾಳೆ.

ವರ್ಷ ತಿರುಗುವುದರೊಳಗೆ ಪುಟ್ಟಗೌರಮ್ಮನಿಗೆ ಕತ್ತಿನಲ್ಲಿ ಮತ್ತೆ ಗಂಟು ಬಂತು. ಇನ್ನು ಕುಯ್ಯುವುದು ಬೇಡ ಎಂದು ಬೆಂಗಳೂರಿನ ಆಸ್ಪತ್ರೆಯವರೇ ಹೇಳಿ ಕಳಿಸಿದರು. ನಾನು ಕೊನೆಯ ಸಲ ನೋಡಿದಾಗ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಮೊದಲ ತರಗತಿಯಲ್ಲಿ ಕೂತ ಹಾಗೇ. ನನ್ನನ್ನು ಹತ್ತಿರ ಕರೆದು ಹೇಳಿದಳು.

“ಆ ಫಾರಂ ತಗಂಬಾ. ತಿದ್ಬುಡು. ಒಗೆಸೊಪ್ಪು ಅಂತ ಬರಿ. ನಾನೇ ರುಜು ಆಕ್ತೀನಿ.”

“ಅದು ಕಂಪ್ಯೂಟರಿಗೆ ಹೋಗಿಬಿಟ್ಟಿದೆ ಅಜ್ಜಿ. ಮೇಲಿನವರನ್ನೂ ಕೇಳಿದೆ. ತಿದ್ದೋಕೆ ಬರಲ್ಲವಂತೆ.”

ಸುಳ್ಳಲ್ಲ, ಎರಡು ಸಲ ಕೇಳಿದ್ದೆ. ಹೊಗೆಸೊಪ್ಪು ಎಂಬ ಆಯ್ಕೆ ಅದರಲ್ಲಿ ಇಲ್ಲ, ಮುಗಿದ ಸಮೀಕ್ಷೆ ತೆರೆಯುವುದೂ ಇಲ್ಲ ಎಂದಿದ್ದರು. ಅವಳು ಉಳಿದ ಅರ್ಧ ಮುಖದಲ್ಲೇ ನಕ್ಕಳು.

“ಅಂಗಾರೆ ಸರ್ಕಾರದ ಕಾಗ್ದದಲ್ಲಿ ನಂಗೇನೂ ಆಗಿಲ್ಲ ಬುಡು.”

ಅದಾಗಿ ಹತ್ತೊಂಬತ್ತನೇ ದಿನಕ್ಕೆ ತೀರಿಕೊಂಡಳು. ಬೋರ್ಡು ಈಗಲೂ ಅಲ್ಲೇ ಇದೆ, ಊರು ಈಗಲೂ ತಂಬಾಕು ಮುಕ್ತ. ಕಂಬದ ಮೇಲೆ ಸುಣ್ಣ ಮೊದಲಿನಷ್ಟು ಇಲ್ಲ, ಇಲ್ಲವೇ ಇಲ್ಲ ಎಂದೂ ಅಲ್ಲ. ನನಗೆ ಅವಳ ಮೇಲೆ ಸಿಟ್ಟಿದೆ. ಗೊತ್ತಿದ್ದೂ ನನ್ನನ್ನು ಆಡಿಸಿದಳಲ್ಲ, ಒಂದೇ ಒಂದು ದಿನ ತಮಾಷೆ ಬಿಟ್ಟು ಹೇಳಬಾರದಿತ್ತೇ ಎಂದು. ಆ ಸಿಟ್ಟು ಬಂದಾಗಲೆಲ್ಲ ನನ್ನದೇ ಅಕ್ಷರದ ಆ ‘ಇಲ್ಲ’ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಕಾರ್ಯವೆಲ್ಲ ಮುಗಿದು ಕೆಲವು ವಾರಕ್ಕೆ ಮಂಜುಳಾ ಹೇಳಿ ಕಳಿಸಿದಳು, ನನ್ನ ಟಾರ್ಚು ಅತ್ತೆಯ ಸಂಚಿಯಲ್ಲೇ ಉಳಿದಿದೆ ಎಂದು. ಹೋದೆ. ಸಂಚಿಯ ಸಮೇತ ಕೊಟ್ಟಳು. ಬಿಚ್ಚಿದರೆ ಟಾರ್ಚಿಗೂ ಅದೇ ಘಾಟು, ನಮ್ಮಜ್ಜಿಯದು. ಊಟದ ಹೊತ್ತು, ಹಾಗೇ ಕಳಿಸುವುದಿಲ್ಲ ಎಂದು ಕೂರಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಅವರ ಮನೆ ಸಾರಿಗೆ ಎಷ್ಟೋ ದಿನದ ಮೇಲೆ ಮೆಣಸಿನಕಾಯಿ ಬಿದ್ದಿತ್ತು. ಎರಡು ತುತ್ತು ನುಂಗುವಷ್ಟರಲ್ಲಿ ನನ್ನ ಕಣ್ಣು ಮೂಗೆಲ್ಲ ಸುರಿಯತೊಡಗಿತು.

ಮಂಜುಳಾ ಗಾಬರಿಯಿಂದ ನೀರಿನ ಚೆಂಬು ಮುಂದಿಟ್ಟಳು.

“ಖಾರ ಆಯ್ತಾ ಮೇಡಮ್ಮೋರೆ?”

“ಊಂ ಕಣವ್ವ,” ಎಂದೆ. “ಒಸಿ.”